ಬಾಲ ಎತ್ತಿದ ಜೀಪು

ಕರಿಗಟ್ಟಿಯ ಸಿದ್ಧಾರೂಢನಿಗೆ ಹೆಣ್ಣು ಸಿಕ್ಕಿತು ಎಂಬುದೇ ಆ ವರ್ಷ ನವಲಗುಂದ ತಾಲೂಕಿನ ಮುಖ್ಯ ವಾರ್ತೆಯಾಗಬೇಕಿತ್ತು. ವಯಸ್ಸು ಮೂವತ್ತು ದಾಟಿ ನಾಲ್ವತ್ತರ ಕಡೆ ಕೈಬೀಸುತ್ತಿದ್ದ, ಬಿ.ಎ. ಮುಗಿಸಿ ಒಕ್ಕಲುತನ ಹಿಡಿದಿದ್ದ, ಹೊಲದಲ್ಲಿ ಕಡಲೆ ಬೆಳೆದರೂ ತಲೆಯ ಮೇಲೆ ಕೂದಲು ಬೆಳೆಯಲಾರದ ಗಂಡು ಅವನು. ಅಂಥವನಿಗೆ ಹೆಣ್ಣು ಸಿಗುವುದೆಂದರೆ ಟಿ.ವಿ.ಯ ಕೆಳಗೆ ಕೆಂಪು ಪಟ್ಟಿಯಲ್ಲಿ ಓಡಬೇಕಾದ ಸುದ್ದಿ. ಆದರೆ ಅದೇ ವಾರ ಅವನ ಜೀಪು ಬಸ್ ಸ್ಟ್ಯಾಂಡಿನ ಎದುರಿಗೆ ಧಡ್ ಎಂದು ಹಿಂದೆ ಕುಸಿದು, ಮುಸುಡಿಯನ್ನು ಆಕಾಶಕ್ಕೆತ್ತಿ ಕೂತುಬಿಟ್ಟಿತು. ಊರಿನ ಕಣ್ಣೆಲ್ಲ ಆ ಕಡೆ ಹೋಯಿತು.

ಈ ಜೀಪನ್ನು ಯಾವುದೋ ಸರಕಾರಿ ಇಲಾಖೆ ಬೇಸತ್ತು ಹರಾಜಿಗಿಟ್ಟಾಗ ಸಿದ್ಧಾರೂಢನ ಅಪ್ಪ ತಂದಿದ್ದ. ನಾಲ್ಕೂ ಗಾಲಿಗೆ ಜೋರು ಕೊಡುವ ಗಾಡಿ. ಬೆಣ್ಣಿಹಳ್ಳ ತುಂಬಿ ಹರಿದರೂ ಈಸಿ ದಾಟುತ್ತದೆ ಎಂಬ ಖ್ಯಾತಿ ಅದಕ್ಕಿತ್ತು. ಈಸಿದ್ದನ್ನು ಕಂಡವರು ಯಾರೂ ಇರಲಿಲ್ಲ, ಮುಳುಗಿದ್ದನ್ನು ಕಂಡವರು ಓಣಿ ತುಂಬ ಇದ್ದರು. ಹಾಗೆ ಮುಳುಗಿದಾಗಲೆಲ್ಲ ಎರೆಮಣ್ಣು ಅದರ ಹೊಟ್ಟೆಗೆ ಮೆತ್ತಿಕೊಳ್ಳುತ್ತಿತ್ತು. ಮೇಲಿನಿಂದ ಯೂರಿಯಾ ಚೀಲಗಳ ಪುಡಿ ಸೋರುತ್ತಿತ್ತು. ಇವೆರಡೂ ಸೇರಿ ಹಿಂದಿನ ಪಾಟಾಗಳನ್ನು, ಅಂದರೆ ಗಾಡಿಯ ಭಾರವನ್ನು ಹೊತ್ತು ಕುಣಿಸುವ ಉಕ್ಕಿನ ಕಮಾನುಪಟ್ಟಿಗಳನ್ನು, ತುಕ್ಕು ಹಿಡಿಸಿ ಸಂಡಿಗೆ ಮಾಡಿದ್ದವು.

ಸಿದ್ಧಾರೂಢನ ಎದೆ ಒಡೆದದ್ದು ಪಾಟಾ ಮುರಿಯಿತೆಂದಲ್ಲ. ಅಳ್ನಾವರದಿಂದ ಹೆಣ್ಣಿನ ಕಡೆಯವರು ಮುಂದಿನ ವಾರ ಗಂಡಿನ ಮನೆ ನೋಡಲು ಬರುವವರಿದ್ದರು. ಹುಡುಗಿ ರೋಹಿಣಿ ಅಲ್ಲಿನ ಬೀಜದ ಸೊಸೈಟಿಯಲ್ಲಿ ನೌಕರಿ ಮಾಡುತ್ತಿದ್ದಳು. ಅವಳಿಗೆ ಗಂಡು ಒಪ್ಪಿಗೆಯಾಗಿತ್ತು. ಅವಳ ಅಪ್ಪ ಚನ್ನವೀರಪ್ಪನಿಗೆ ಮನೆ ಒಪ್ಪಿಗೆಯಾದರೆ ಮುಗಿಯಿತು. ಅವರನ್ನು ಅಣ್ಣಿಗೇರಿ ಸ್ಟೇಶನ್ನಿನಿಂದ ತನ್ನ ಜೀಪಿನಲ್ಲೇ ಕರೆತರುತ್ತೇನೆ, ಅದರಲ್ಲಿ ಕೂತರೆ ಬಸಿಯಲ್ಲಿ ಹೊಯ್ದ ಚಹಾ ತುಳುಕುವುದಿಲ್ಲ ಎಂದು ಸಿದ್ಧಾರೂಢ ಫೋನಿನಲ್ಲಿ ಹೇಳಿ ಆಗಿತ್ತು. ಯಾರೂ ಕೇಳಿರಲಿಲ್ಲ. ತಾನೇ ಹೇಳಿದ್ದ.

ಚನ್ನವೀರಪ್ಪನದು ಒಂದೇ ಷರತ್ತು. ವರ ಕಪ್ಪಗಿರಲಿ, ಬೋಳಾಗಿರಲಿ, ರಾಜಕೀಯದ ಮನುಷ್ಯನಾಗಿರಬಾರದು. ಅವನ ತಮ್ಮ ಹಿಂದೊಮ್ಮೆ ಪಂಚಾಯ್ತಿ ಚುನಾವಣೆಗೆ ನಿಂತು ಒಂದು ಓಟಿನಿಂದ ಸೋತಿದ್ದ. ಅಂದಿನಿಂದ ಇಂದಿನವರೆಗೂ ಆತ ರಸ್ತೆಯಲ್ಲಿ ಎದುರಾದವರನ್ನೆಲ್ಲ ತಡೆದು, “ಆ ಒಂದು ಓಟು ನಿಂದ ಏನು?” ಎಂದು ಕೇಳುತ್ತಿದ್ದ. ಮದುವೆ ಮನೆಯಲ್ಲಿ ಕೇಳಿದ್ದ, ಮಣ್ಣಿಗೆ ಹೋದಾಗ ಕೇಳಿದ್ದ, ರೈಲಿನಲ್ಲಿ ಟಿಕೆಟ್ ತಪಾಸಣೆಯವನನ್ನೂ ಕೇಳಿದ್ದ.

ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿ ನವಲಗುಂದದ ಜಹೀರುದ್ದೀನನ ಗ್ಯಾರೇಜಿಗೆ ಎಳೆದೊಯ್ದರು. ಜಹೀರುದ್ದೀನ ಕಣ್ಣಿನ ಮೆಕ್ಯಾನಿಕ್ ಅಲ್ಲ, ಕಿವಿಯ ಮೆಕ್ಯಾನಿಕ್. ಗಾಡಿಯ ಕಡೆ ತಿರುಗಿಯೂ ನೋಡದೆ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತು, “ಸಪ್ಪಳ ಹೆಂಗ ಬರ್ತಿತ್ತು, ಮಾಡಿ ತೋರಸ್ರಿ” ಎಂದ.

ಸಿದ್ಧಾರೂಢ ಆಚೀಚೆ ನೋಡಿ, ಗಂಟಲು ಸರಿಮಾಡಿಕೊಂಡು, “ಕುಂಯ್ಯ್... ಕುಂಯ್ಯ್...” ಎಂದ.

“ಇದು ನಾಯಿ ಸಪ್ಪಳ ಆತ್ರಿ. ಗಾಡೀದು ಮಾಡ್ರಿ.”

ಮತ್ತೆ ಮಾಡಿದ. ಅದು ಬಾಗಿಲಿನ ಸಪ್ಪಳವೆಂದು ತೀರ್ಪಾಯಿತು. ಅಷ್ಟರಲ್ಲಿ ಚಹಾ ಕುಡಿಯಲು ಬಂದಿದ್ದವರು ಒಬ್ಬೊಬ್ಬರಾಗಿ ಮೇಳಕ್ಕೆ ಸೇರಿದರು. ಒಬ್ಬ ‘ಕಟಾರ್’ ಎಂದ, ಇನ್ನೊಬ್ಬ ‘ಢಬ್ ಢಬ್’ ಎಂದ. ಆ ಜೀಪು ದಿನಾ ತನ್ನ ಮನೆಯ ಮುಂದೇ ಹಾಯುತ್ತದೆಂದು ಹೇಳಿ ಅಂಚೆಯವನು ಸೈಕಲ್ ನಿಲ್ಲಿಸಿ, ‘ಕಿರ್ರ್-ಧಡ್-ಕಿರ್ರ್’ ಎಂದು ಕೈಕಾಲು ಸಮೇತ ಅಭಿನಯಿಸಿದ. ಜಹೀರುದ್ದೀನ ತೃಪ್ತಿಯಿಂದ ತಲೆ ಆಡಿಸಿ ಕಣ್ಣು ತೆರೆದ. ಹಿಂದಿನ ಪಾಟಾ ಮುರಿದಿದೆ ಎಂದು ಘೋಷಿಸಿದ. ಮುರಿದ ತುಂಡು ಆ ಹೊತ್ತಿಗೆ ಸಿದ್ಧಾರೂಢನ ಬಗಲಲ್ಲೇ ಇತ್ತು.

ಬಿಚ್ಚುವ ಕೆಲಸ ಶುರುವಾಯಿತು. ಬೋಲ್ಟುಗಳು ತುಕ್ಕಿನಲ್ಲಿ ಐಕ್ಯವಾಗಿದ್ದವು. ಡೀಸೆಲ್ ಕುಡಿಸಿದರು, ಸುತ್ತಿಗೆಯಿಂದ ಸಮಾಧಾನ ಹೇಳಿದರು, ಕಡೆಗೆ ಗ್ಯಾಸಿನ ಬೆಂಕಿ ಹಚ್ಚಿ ಕತ್ತರಿಸಿದರು. ಒಂದೊಂದು ಭಾಗ ಬಿದ್ದಾಗಲೂ ಕೆಂಪು ಪುಡಿ ಕುಂಕುಮದಂತೆ ಹಾರಿ ಎಲ್ಲರ ಹಣೆಗೂ ಹತ್ತಿತು. ಈ ತುಕ್ಕನ್ನೆಲ್ಲ ತೆಗೆದ ಮೇಲೆ ಜೀಪು ಎನ್ನುವುದು ಏನಾದರೂ ಉಳಿದೀತೇ ಎಂಬ ತಾತ್ವಿಕ ಪ್ರಶ್ನೆಯೂ ಎದ್ದಿತು.

ಅದೇ ಅಳತೆಯ ಹೊಸ ಪಾಟಾ ಹುಬ್ಬಳ್ಳಿಯಿಂದ ತರಿಸಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಸಿದ್ಧಾರೂಢ ಮೊಬೈಲಿನಲ್ಲಿ ಒಂದಷ್ಟು ವೀಡಿಯೊ ನೋಡಿ ಪಂಡಿತನಾಗಿದ್ದ. ಒಮ್ಮೆ ಹಾಕಿದರೆ ಮೊಮ್ಮಕ್ಕಳ ಕಾಲಕ್ಕೂ ಬಿಚ್ಚುವಂತಿರಬಾರದು, ದೊಡ್ಡ ಗಾಡಿಯದನ್ನೇ ಹಾಕು ಎಂದ. ಹತ್ತಿ ಸಾಗಿಸುವ ಲಾರಿಯೊಂದರ ಪಾಟಾ ಗ್ಯಾರೇಜಿನ ಮೂಲೆಯಲ್ಲಿ ಗಿರಾಕಿಗಾಗಿ ತಪಸ್ಸು ಮಾಡುತ್ತಿತ್ತು. ಜಹೀರುದ್ದೀನ ಎರಡು ಮಾತಾಡದೆ ಅದನ್ನೇ ಕತ್ತರಿಸಿ, ಬೆಸೆದು, ಬಡಿದು ಕೂರಿಸಿದ.

ಜಾಕ್ ಇಳಿಸಿದರು. ಜೀಪು ಇಳಿಯಲಿಲ್ಲ. ಅದರ ಹಿಂಭಾಗ ಕಾರಹುಣ್ಣಿಮೆಯ ಹೋರಿಯ ಹಾಗೆ ಎದ್ದೇ ನಿಂತಿತು, ಮೂತಿ ನೆಲ ಮೂಸುತ್ತಿತ್ತು. ಸರಕಾರಿ ಗಾಡಿಯಲ್ಲವೇ, ಸೇವೆಯಲ್ಲಿದ್ದಾಗ ಸಿಗದ ಬಡ್ತಿ ಈಗ ಹಿಂದಿನಿಂದ ಸಿಕ್ಕಿತ್ತು. ಹಿಂಬಡ್ತಿ ಎನ್ನುವುದು ಇದಕ್ಕೇ ಇರಬೇಕು. ಸಿದ್ಧಾರೂಢ ಒಳಗೆ ಕೂತರೆ ಸೀಟಿನಿಂದ ಜಾರಿ ಸ್ಟೇರಿಂಗಿಗೆ ಆಲಿಂಗನ ಕೊಡುತ್ತಿದ್ದ.

“ಭಾರ ಹಾಕ್ರಿ. ನಾಕ ದಿನದಾಗ ಮೆತ್ತಗಾಗಿ ಕುಂದರತೈತಿ,” ಎಂದ ಜಹೀರುದ್ದೀನ. ಕಲ್ಲು ಹೇರಲೇ ಎಂದು ಸಿದ್ಧಾರೂಢ ಕೇಳಿದ್ದಕ್ಕೆ ಆತ ನೊಂದುಕೊಂಡವನಂತೆ ನೋಡಿದ. “ಕಲ್ಲು ಸತ್ತ ಭಾರರಿ. ಇದ್ದಲ್ಲೇ ಇರತೈತಿ. ಪಾಟಾ ಪಳಗಬೇಕಂದ್ರ ಜೀವಂತ ಭಾರ ಬೇಕು. ತಗ್ಗು ಬಂದಾಗ ಮ್ಯಾಲ ಹಾರಿ, ಹೊಳ್ಳಿ ಬಂದು ಕುಂದರಬೇಕು.”

ಸಿದ್ಧಾರೂಢ ಊರಿನ ಜೀವಂತ ಭಾರಗಳನ್ನು ಮನಸ್ಸಿನಲ್ಲೇ ತೂಗತೊಡಗಿದ. ಇಬ್ಬರು ಮಾತ್ರ ತಕ್ಕಡಿಯಲ್ಲಿ ಉಳಿದರು. ಒಬ್ಬಳು ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಕರಿಯುವ ಮಲ್ಲಕ್ಕ. ಮಹಿಳಾ ಸಂಘದ ಅಧ್ಯಕ್ಷೆ, ಅವಳು ಕುಳಿತರೆ ಸಭೆ ತಾನಾಗಿ ತುಂಬುತ್ತಿತ್ತು. ಇನ್ನೊಬ್ಬ ಪಂಚಾಯ್ತಿಯ ಮಾಜಿ ಅಧ್ಯಕ್ಷ ಶಂಕ್ರಪ್ಪ. ಅಧಿಕಾರ ಹೋದರೂ ಅದರ ಸುತ್ತಳತೆ ಹೋಗಿರಲಿಲ್ಲ. ಹಿಂದಿನ ಚುನಾವಣೆಯಲ್ಲಿ ಜಗಳಾಡಿದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಸಿದ್ಧಾರೂಢನಿಗೆ ಮುಖದಿಂದ ಆಗಬೇಕಾದದ್ದು ಏನೂ ಇರಲಿಲ್ಲ. ತೂಕಕ್ಕಾಗಿ ಕರೆಯುತ್ತಿದ್ದೇನೆ ಎಂದು ಯಾರಿಗಾದರೂ ಹೇಳಲಾಗುತ್ತದೆಯೇ? ಇಬ್ಬರ ಮನೆಗೂ ಹೋಗಿ ಕೈಮುಗಿದು, ನಿಮ್ಮಂಥವರು ಹಿಂದೆ ಇದ್ದರೆ ನನಗೆ ಧೈರ್ಯ, ಯಮನೂರಿನ ದರ್ಗಾಕ್ಕೆ ಹೋಗಿ ಬರೋಣ ಎಂದ.

ಆ ದಿನ ಕರಿಗಟ್ಟಿಯ ಕಟ್ಟೆಯ ಮೇಲೆ ಕೂತವರು ಒಂದು ದೃಶ್ಯ ಕಂಡರು. ಮಲ್ಲಕ್ಕ ಮತ್ತು ಶಂಕ್ರಪ್ಪ ಒಂದೇ ಜೀಪಿನ ಹಿಂದಿನ ಬೆಂಚುಗಳಲ್ಲಿ ಎದುರುಬದುರು ಕೂತು, ಒಬ್ಬರು ಪೂರ್ವಕ್ಕೆ ಒಬ್ಬರು ಪಶ್ಚಿಮಕ್ಕೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಾರೆ. ಪುಕ್ಕಟೆಯಾಗಿ. ದರ್ಗಾಕ್ಕೆ. ಅದೂ ಪಂಚಾಯ್ತಿ ಚುನಾವಣೆ ಇಂದೋ ನಾಳೆಯೋ ಘೋಷಣೆಯಾಗುವ ಹೊತ್ತಿಗೆ.

ಕಟ್ಟೆ ಎಲೆಯಡಿಕೆ ಉಗುಳಿ ಜೀಪಿನ ಬೆನ್ನನ್ನೇ ನೋಡಿತು. ಆಮೇಲೆ ಅದಕ್ಕೆ ಎಲ್ಲ ಅರ್ಥವಾಯಿತು.

ನಮ್ಮ ಕಡೆ ಚುನಾವಣೆಯ ಮುಂದೆ ಒಬ್ಬ ಮನುಷ್ಯ ಕಾರಣವಿಲ್ಲದೆ ನಮಸ್ಕಾರ ಮಾಡಿದರೇ ಅವನ ಚಿಹ್ನೆ ಯಾವುದೆಂದು ಜನ ಕೇಳುತ್ತಾರೆ. ಇವನಂತೂ ಪುಕ್ಕಟೆ ಜೀಪು ಓಡಿಸುತ್ತಿದ್ದ. ಮರುದಿನ ಅಣ್ಣಿಗೇರಿ ಸಂತೆಗೆ, ಅದರ ಮರುದಿನ ಕಾಲುವೆ ರಸ್ತೆಗೆ. ಒಳ್ಳೆಯ ರಸ್ತೆ ಬಿಟ್ಟು ತಗ್ಗು ಇರುವ ರಸ್ತೆಯನ್ನೇ ಹುಡುಕಿ ಹುಡುಕಿ ಹೋದದ್ದರಿಂದ, ಹುಡುಗ ರಸ್ತೆಗಳ ಪರಿಸ್ಥಿತಿ ಅಧ್ಯಯನ ಮಾಡುತ್ತಿದ್ದಾನೆ ಎಂದು ಮೆಚ್ಚಿದರು. ಪ್ರತಿ ತಗ್ಗು ದಾಟಿದ ಮೇಲೆ ಇಳಿದು ಬಗ್ಗಿ ಗಾಡಿಯ ಅಡಿ ನೋಡುತ್ತಿದ್ದುದಕ್ಕೆ, ತಳಮಟ್ಟದಿಂದ ಕೆಲಸ ಮಾಡುವವನು ಎಂದರು.

ಪಂಚಾಯ್ತಿಯ ಈಗಿನ ಸದಸ್ಯ ಗೌರೀಶ ಜೋಳದ ದಂಟಿನಂಥ ಮನುಷ್ಯ. ಒಂದು ಮುಂಜಾನೆ ಆತ ಕೈ ಅಡ್ಡ ಹಿಡಿದು, ತನಗೂ ನವಲಗುಂದದವರೆಗೆ ಬರುವುದಿದೆ ಎಂದ. ಸಿದ್ಧಾರೂಢ ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, ಹಿಂದೆ ಜಾಗ ಇದ್ದರೂ ವಿನಯದಿಂದ ಹೇಳಿದ:

“ತಪ್ಪು ತಿಳಕೋಬ್ಯಾಡ್ರಿ ಗೌರೀಶಣ್ಣಾರ. ನಿಮ್ಮಂಥವರು ಹತ್ತು ಮಂದಿ ಹತ್ತಿದ್ರೂ ನನಗ ಉಪಯೋಗಿಲ್ಲ.”

ಈ ಮಾತು ಜೀಪಿಗಿಂತ ಮುಂಚೆ ನವಲಗುಂದ ಮುಟ್ಟಿತು. ಗೌರೀಶ ಅಂದೇ ತನ್ನ ಕಡೆಯವರನ್ನು ಕೂಡಿಸಿ ಊಟ ಹಾಕಿಸಿದ. ಇತ್ತ ಸಿದ್ಧಾರೂಢನ ಮನೆಗೆ ಜನ ಬರತೊಡಗಿದರು. ಒಬ್ಬರಿಗೆ ಗಟಾರ ಬೇಕಿತ್ತು, ಒಬ್ಬರಿಗೆ ಬೋರಿನ ಪೈಪು. ಅವನ ತಾಯಿ ಶಿವಗಂಗವ್ವ ಎಲ್ಲರಿಗೂ ಚಹಾ ಕೊಟ್ಟು, ನನ್ನ ಮಗ ಗಾಡಿ ರಿಪೇರಿಯಲ್ಲಿದ್ದಾನೆ, ಮತ್ತೇನೂ ಇಲ್ಲ ಎಂದು ಹೇಳಿ ಸೋತಳು. ಬಂದವರು ಚಹಾ ಕುಡಿದು ಒಬ್ಬರಿಗೊಬ್ಬರು ಕಣ್ಣು ಹೊಡೆದು ಎದ್ದರು. ನಿಲ್ಲುವವರು ಯಾರೂ ನಿಲ್ಲುತ್ತೇನೆ ಎಂದು ಮೊದಲೇ ಹೇಳುವುದಿಲ್ಲ. ಇಷ್ಟು ಗಟ್ಟಿಯಾಗಿ ಇಲ್ಲವೆನ್ನುವವನು ಗೆದ್ದೇ ಬಿಟ್ಟಿದ್ದಾನೆ ಎಂದು ತೀರ್ಮಾನವಾಯಿತು.

ಮಲ್ಲಕ್ಕ, ಶಂಕ್ರಪ್ಪರಾದರೂ ನಿಜ ಹೇಳಬಹುದಿತ್ತು. ಅವರಿಗೆ ನಿಜ ಗೊತ್ತಿರಲಿಲ್ಲ. ತಾನಿಲ್ಲದೆ ಈ ಹುಡುಗ ಗೆಲ್ಲುವುದಿಲ್ಲ ಎಂದು ಇಬ್ಬರೂ ಬೇರೆ ಬೇರೆಯಾಗಿ ನಂಬಿದ್ದರು.

ನಾಲ್ಕನೆಯ ಸವಾರಿಯಲ್ಲಿ ಕ್ರಾಸಿನ ಹತ್ತಿರ ಸ್ಕೂಟರೊಂದು ಅಡ್ಡ ಬಂತು. ಪಂಚಾಯ್ತಿ ಅಧಿಕಾರಿ ತಹಸೀನ್ ಮೇಡಂ, ಚುನಾವಣಾ ತರಬೇತಿ ಮುಗಿಸಿ ಬಿಸಿಬಿಸಿಯಾಗಿ ಬಂದಿದ್ದರು. ಮತದಾರರನ್ನು ಸಾಗಿಸುತ್ತಿದ್ದೀರಾ ಎಂದರು. ಸಿದ್ಧಾರೂಢ ಅವರನ್ನು ಬದಿಗೆ ಕರೆದು, ಹಿಂದಿನವರಿಗೆ ಕೇಳದ ಹಾಗೆ, ಅವರು ಮತದಾರರಲ್ಲ, ಭಾರ ಎಂದು ಪಿಸುಗುಟ್ಟಿದ. ಮೇಡಂ ತಮ್ಮ ತರಬೇತಿಯನ್ನೆಲ್ಲ ನೆನಪಿಸಿಕೊಂಡರು. ಅದರಲ್ಲಿ ಈ ವರ್ಗ ಇರಲಿಲ್ಲ. ಇಬ್ಬರನ್ನೂ ಇಳಿಸಿ ತೋರಿಸು ಎಂದರೆ, ಹತ್ತಲಿಕ್ಕೇ ಸ್ಟೂಲು ಬೇಕಾಗಿತ್ತು, ನಡುರಸ್ತೆಯಲ್ಲಿ ಇಳಿಯುವುದಿಲ್ಲ ಎಂದು ಮಲ್ಲಕ್ಕ ನಿರಾಕರಿಸಿದಳು. ಕಡೆಗೆ ಮೇಡಂ, ಸತ್ಯಶೋಧನೆ ತಾವೇ ಮಾಡುವುದಾಗಿ ಹೇಳಿ, ಸ್ಕೂಟರನ್ನು ಬೇವಿನ ಗಿಡಕ್ಕೆ ಒರಗಿಸಿ ಹಿಂದೆ ಹತ್ತಿ ಕೂತರು. ಊರೊಳಗೆ ಹೋಗುವಾಗ ಕಟ್ಟೆಯ ಮೇಲಿದ್ದವರೆಲ್ಲ ಎದ್ದು ನಿಂತರು. ಸರಕಾರವೇ ಇವನ ಜೀಪು ಹತ್ತಿತ್ತು.

ಇಷ್ಟಾದರೂ ಪಾಟಾ ಮಣಿಯಲಿಲ್ಲ. ಇಬ್ಬರೂ ಕೂತರೆ ಜೀಪು ಸಭ್ಯವಾಗಿ ನಿಲ್ಲುತ್ತಿತ್ತು, ಇಳಿದರೆ ಮತ್ತೆ ಬಾಲ ಎತ್ತುತ್ತಿತ್ತು. ಬೀಗರು ಬರುವ ದಿನ ಬಂದೇಬಿಟ್ಟಿತು. ಬೇರೆ ದಾರಿಯಿಲ್ಲದೆ ಸಿದ್ಧಾರೂಢ ಎರಡೂ ಭಾರಗಳನ್ನು ಹತ್ತಿಸಿಕೊಂಡೇ ಅಣ್ಣಿಗೇರಿ ಸ್ಟೇಶನ್ನಿಗೆ ಹೋದ.

ರೈಲಿನಿಂದ ಇಳಿದದ್ದು ಅಪ್ಪ, ಮಗಳು ಇಬ್ಬರೇ. ಹಿಂದೆ ಕುಳಿತವರು ಯಾರೆಂದು ಚನ್ನವೀರಪ್ಪ ಕೇಳಿದ. ಊರಿನ ಹಿರಿಯರು, ಸ್ವಾಗತಕ್ಕೆ ಬಂದಿದ್ದಾರೆ ಎಂದ ಸಿದ್ಧಾರೂಢ. ಮುದುಕನಿಗೆ ಸಂತೋಷವಾಯಿತು. ಮುಂದಿನ ಸೀಟಿನಲ್ಲಿ ಕೂತು, ಗಾಡಿ ತೊಟ್ಟಿಲ ಹಾಗೆ ಹೋಗುತ್ತದೆಂದು ಹೊಗಳಿದ. ರೋಹಿಣಿ ಹಿಂದೆ ಮಲ್ಲಕ್ಕನ ಮಗ್ಗುಲಲ್ಲಿ ಕೂತು, ಕಾಲುವೆಯ ಗೇಟು ಯಾಕೆ ಮುರಿದಿದೆ, ಬಸ್ ನಿಲ್ಲುವಲ್ಲಿ ನೆರಳೇಕಿಲ್ಲ ಎಂದು ಕೇಳುತ್ತ ಬಂದಳು. ಶಂಕ್ರಪ್ಪ ಪ್ರತಿ ಪ್ರಶ್ನೆಗೂ ಅದು ತನ್ನ ಅವಧಿಯ ನಂತರ ಆದದ್ದೆಂದು ಉತ್ತರಿಸಿದ.

ಊರಿನ ಹೆಬ್ಬಾಗಿಲಾದ ಅಗಸಿ ಕಂಡಿತು. ಅಗಸಿಯ ಮುಂದೆ ಹಲಗೆ ಬಾರಿಸುತ್ತಿದ್ದರು.

ಸಿದ್ಧಾರೂಢನ ಜೀಪಿನಲ್ಲಿ ರೈಲಿನಿಂದ ದೊಡ್ಡ ಮಂದಿ ಬರುತ್ತಾರೆಂದು ಊರಿಗೆ ಗೊತ್ತಾಗಿತ್ತು. ದೊಡ್ಡ ಮಂದಿ ಎಂದರೆ ಪಕ್ಷದ ಮುಖಂಡರಲ್ಲದೆ ಮತ್ತಾರು? ಬಿಳಿ ಧೋತರ ಉಟ್ಟು ಮುಂದಿನ ಸೀಟಿನಲ್ಲಿ ಕುಳಿತ ಚನ್ನವೀರಪ್ಪನಂತೂ ಮುಖಂಡನಾಗಿಯೇ ಹುಟ್ಟಿದಂತಿದ್ದ. ಇಳಿಯುವ ಮೊದಲೇ ಕೊರಳಿಗೆ ಹಾರ ಬಿತ್ತು. ಗಂಡಿನ ಮನೆಯ ಗೌರವವೆಂದು ತಿಳಿದು ಆತ ಕೈಮುಗಿದ. ಅಷ್ಟರಲ್ಲಿ ಯಾರೋ, ಸಿದ್ಧಾರೂಢಣ್ಣನಿಗೆ ಪಕ್ಷದ ಬೆಂಬಲ ಪಕ್ಕಾ ಮಾಡಿಯೇ ಹೋಗಬೇಕು ಸಾಹೇಬರು ಎಂದು ಕೂಗಿದರು. ಶಂಕ್ರಪ್ಪ ಜೀಪಿನಲ್ಲೇ ಎದ್ದು ನಿಂತು, “ಮಹನೀಯರೆ ಮತ್ತು ಮಹಿಳೆಯರೆ” ಎಂದು ಭಾಷಣ ಆರಂಭಿಸಿದ.

ಚನ್ನವೀರಪ್ಪ ಹಾರ ತೆಗೆದು ಬಾನೆಟ್ಟಿನ ಮೇಲೆ ಇಟ್ಟ.

“ತಮ್ಮಾ, ಗಾಡಿ ಹೊಳ್ಳಸು. ನಮ್ಮ ಬೀಗತನ ಇಲ್ಲಿಗೆ ಮುಗೀತು.”

ಸಿದ್ಧಾರೂಢ ಕೀಲಿಯ ಮೇಲಿಂದ ಕೈ ತೆಗೆದ. ಇಷ್ಟು ವರ್ಷಗಳಲ್ಲಿ ಅವನನ್ನು ಒಪ್ಪಿದ್ದ ಹುಡುಗಿ ಒಬ್ಬಳೇ. ಅವಳು ಜೀಪಿನ ಹಿಂಬದಿಯಿಂದಲೇ ಅಳ್ನಾವರಕ್ಕೆ ವಾಪಸು ಹೋಗುವುದರಲ್ಲಿದ್ದಳು. ನಿಜ ಹೇಳಿದರೆ ಊರಿನ ಎರಡು ಅತಿ ದೊಡ್ಡ ಜೀವಗಳು ಆಜನ್ಮ ವೈರಿಗಳಾಗುತ್ತವೆ. ಹೇಳದಿದ್ದರೆ ಹುಡುಗಿ ಇಲ್ಲ. ಆತ ಕಣ್ಣು ಮುಚ್ಚಿ ಹೇಳಿಬಿಟ್ಟ:

“ಮಾವಾರ, ನಾ ಯಾವ ಎಲೆಕ್ಷನ್ನಿಗೂ ನಿಂತಿಲ್ಲರಿ. ಗಾಡಿ ಹಿಂದ ಎತ್ತರ ಆಗೇತಿ. ಇವರಿಬ್ಬರನ್ನ ನಾ ಓಟಿಗೆ ಹತ್ತಿಸಿಲ್ಲ, ತೂಕಕ್ಕ ಹತ್ತಿಸೇನಿ.”

ಹಲಗೆ ನಿಂತಿತು. ಸಾಬೀತು ಮಾಡಲು ಆತ ಸ್ಟೂಲು ಇಟ್ಟು, ಮೊದಲು ಮಲ್ಲಕ್ಕನನ್ನು, ಆಮೇಲೆ ಅರ್ಧ ಭಾಷಣ ಬಾಯಲ್ಲಿಟ್ಟುಕೊಂಡಿದ್ದ ಶಂಕ್ರಪ್ಪನನ್ನು ಇಳಿಸಿದ. ಜೀಪು ಒಂದು ನಿಟ್ಟುಸಿರು ಬಿಟ್ಟು ಬಾಲ ಎತ್ತಿತು. ಚನ್ನವೀರಪ್ಪ ಕುಳಿತಲ್ಲಿಂದ ಸಾವಕಾಶ ಜಾರಿ, ಮುಂದಿನ ಗಾಜಿಗೆ ಹಣೆ ಹಚ್ಚಿ, ಗಾಜಿನ ಆಚೆ ಬಿದ್ದಿದ್ದ ತನ್ನದೇ ಹಾರವನ್ನು ನೋಡುತ್ತ ಉಳಿದ.

ಇನ್ನು ರಣರಂಗವೇ ಎಂದು ಊರು ಎರಡು ಹೆಜ್ಜೆ ಹಿಂದೆ ಸರಿಯಿತು. ಮಲ್ಲಕ್ಕ ಸೆರಗು ಸರಿಮಾಡಿಕೊಂಡು ಜೀಪಿನ ಬಾಲ ನೋಡಿದಳು, ಶಂಕ್ರಪ್ಪನನ್ನು ನೋಡಿದಳು.

“ತೂಕಕ್ಕಂದ್ರ ನಾ ಒಬ್ಬಾಕಿ ಸಾಕಾಗಿದ್ನಲ್ಲೋ ತಮ್ಮಾ. ಈ ಹಗರ ಮನಶ್ಯಾನ್ನ ಯಾಕ ಹತ್ತಿಸಿದಿ?”

ಶಂಕ್ರಪ್ಪ ಬಹಳ ವರ್ಷಗಳ ನಂತರ ಅವಳ ಮುಖ ನೋಡಿ ಮಾತಾಡಿದ. “ಹಗರ ಯಾರು? ಗಾಡಿ ತೆಳಗ ಕುಂತದ್ದು ನನ್ನಿಂದ. ನೀ ಇಳದಾಗ ಅಳ್ಳಾಡಿತ್ತೇನು ಅದು?”

ಊರು ತಕ್ಷಣ ಎರಡು ಪಕ್ಷವಾಯಿತು. ಯಾರು ಇಳಿದಾಗ ಜೀಪು ಎಷ್ಟು ಎದ್ದಿತು ಎಂಬ ಬಗ್ಗೆ ಕಣ್ಣಾರೆ ಕಂಡ ಸಾಕ್ಷಿಗಳು ಎರಡೂ ಕಡೆ ಹುಟ್ಟಿಕೊಂಡರು. ಕಡಲೆ ತೂಗುವ ಕಾಟಾ ತರಿಸಿರಿ ಎಂದು ಒಬ್ಬ ಓಡಿದ. ತನ್ನನ್ನು ಹತ್ತಿಸಿಕೊಳ್ಳದಿದ್ದುದರ ಕಾರಣ ಈಗ ತಿಳಿದು ಗೌರೀಶನಿಗೆ ಸಮಾಧಾನವಾಗಬೇಕಿತ್ತು, ಇನ್ನಷ್ಟು ಅವಮಾನವಾಯಿತು.

ಈ ಗದ್ದಲದಲ್ಲಿ ತಹಸೀನ್ ಮೇಡಂ ಸ್ಕೂಟರಿನಲ್ಲಿ ಬಂದರು. ಹಾರ, ಹಲಗೆ, ಗುಂಪು ಎಲ್ಲವನ್ನೂ ಫೋಟೊ ಹಿಡಿದು, ದಣಿದ ದನಿಯಲ್ಲಿ ಹೇಳಿದರು: “ಯಾರ ತೂಕ ಎಷ್ಟರ ಇರ್ಲಿ. ಈ ವಾರ್ಡು ನಿನ್ನೆ ಮಹಿಳಾ ಮೀಸಲು ಆಗೇತ್ರಿ. ಗಂಡಸರು ಯಾರೂ ನಿಲ್ಲಾಕ ಬರಂಗಿಲ್ಲ.”

ಸಿದ್ಧಾರೂಢ ಆನಂದದಿಂದ ಮೇಡಂ ಅವರ ಸ್ಕೂಟರಿಗೇ ನಮಸ್ಕಾರ ಮಾಡಿದ. ಕೇಳಿದಿರಾ ಮಾವಾರ, ನಾನು ಬೇಕೆಂದರೂ ನಿಲ್ಲಲು ಸಾಧ್ಯವಿಲ್ಲ ಎಂದ. ಚನ್ನವೀರಪ್ಪ ಗಾಜಿನಿಂದ ಹಣೆ ಕಿತ್ತುಕೊಂಡು ತಿರುಗಿದ. ಮುಖದ ಗಂಟು ಸಡಿಲವಾಗುತ್ತಿತ್ತು.

ಆದರೆ ಊರು ಅವರಿಬ್ಬರನ್ನೂ ನೋಡುತ್ತಿರಲಿಲ್ಲ. ಹಲಗೆಯವನಿಂದ ಹಿಡಿದು ಕಾಟಾ ಹೊತ್ತು ತಂದವನವರೆಗೆ ಎಲ್ಲರ ಕಣ್ಣೂ ಜೀಪಿನ ಹಿಂದೆ, ಎತ್ತರದಲ್ಲಿ, ಸಿಂಹಾಸನದಲ್ಲಿ ಕುಳಿತಂತೆ ಒಬ್ಬಳೇ ಉಳಿದಿದ್ದ ರೋಹಿಣಿಯ ಮೇಲಿದ್ದವು. ಸಿದ್ಧಾರೂಢ ಅವಸರದಿಂದ ಲಗ್ನಕ್ಕೆ ಹೊರಟದ್ದು ಯಾಕೆಂದು ಕರಿಗಟ್ಟಿಗೆ ಈಗ ತಿಳಿಯಿತು. ಹುಡುಗನದು ಎಂಥ ಮುಂದಾಲೋಚನೆ ಎಂದು ಪಿಸುಮಾತು ಹಬ್ಬಿತು. ಮೀಸಲಾತಿ ಬರುವ ಮೊದಲೇ ಹೆಣ್ಣು ಗೊತ್ತು ಮಾಡಿದ್ದಾನೆ.

“ಯಪ್ಪಾ, ದೇವರಾಣಿ ಹಂಗಲ್ಲ” ಎಂದ ಸಿದ್ಧಾರೂಢ. ಯಾರೂ ಕೇಳಿಸಿಕೊಳ್ಳಲಿಲ್ಲ.

ರೋಹಿಣಿ ಮೇಡಂ ಕಡೆ ಬಗ್ಗಿ ಕೇಳಿದಳು: “ಮೇಡಂ, ಲಗ್ನ ಆಗಿ ಬಂದಾಕಿ ಹೆಸರು ಇಲ್ಲಿ ಮತದಾರರ ಪಟ್ಟಿಗೆ ಹತ್ತಬೇಕಂದ್ರ ಎಲ್ಲೀತನಾ ಟೈಮ್ ಐತ್ರಿ?”

ತಿಂಗಳ ಕಡೆಯ ತನಕ ಎಂದರು ಮೇಡಂ.

“ರೋಹಿಣಿ,” ಎಂದ ಚನ್ನವೀರಪ್ಪ. “ರಾಜಕೀಯದ ಮನಿಗೆ ಹೆಣ್ಣು ಕೊಡಂಗಿಲ್ಲ ಅಂತ ಹೇಳೇನಿ.”

“ಇದು ರಾಜಕೀಯದ ಮನಿ ಎಲ್ಲೈತಪ್ಪಾ? ಈ ಮನಶ್ಯಾಗ ಒಂದು ಪಾಟಾ ನೆಟ್ಟಗ ಹಾಕಸಾಕ ಬರಂಗಿಲ್ಲ. ರಾಜಕೀಯ ಏನ್ ಮಾಡ್ತಾನ? ಮಾಡೂದಿದ್ರ ನಾ ಮಾಡ್ತೀನಿ.”

ಚನ್ನವೀರಪ್ಪ ತನ್ನ ಷರತ್ತನ್ನು ತಿರುಗಿಸಿ ಮುರುಗಿಸಿ ನೋಡಿದ. ವರ ರಾಜಕೀಯದವನಾಗಿರಬಾರದು ಎಂದಿತ್ತೇ ಹೊರತು ಮಗಳ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. ವರನ ಮುಖವನ್ನು ನೋಡಿದ. ಅಲ್ಲಿ ರಾಜಕೀಯವೂ ಇರಲಿಲ್ಲ, ಬೇರೇನೂ ಇರಲಿಲ್ಲ. ಇಂಥ ಖಾಲಿ ಮುಖದವನು ಅಳಿಯನಾಗುವುದಕ್ಕೆ ಯೋಗ್ಯ ಎಂದು ಅವನಿಗೆ ಮನವರಿಕೆಯಾಯಿತು. ಸಾಮಾನ್ಯವಾಗಿ ಲಗ್ನದ ದಿನವನ್ನು ಪಂಚಾಂಗ ತೆರೆದು ಮಠದಲ್ಲಿ ಕೇಳುತ್ತಾರೆ. ಆತ ಅಗಸಿಯಲ್ಲೇ, ಜೀಪಿನಲ್ಲಿ ಕೂತೇ ತಹಸೀನ್ ಮೇಡಂ ಅವರನ್ನು ಕೇಳಿದ. ಮೇಡಂ ಮೊಬೈಲ್ ತೆರೆದು, ಅರ್ಜಿ ಹಾಕಲು ಎರಡು ದಿನ ಬಿಟ್ಟು ಇಪ್ಪತ್ತೆಂಟರ ಒಳಗೆ ಯಾವ ಮುಹೂರ್ತವಾದರೂ ಇಲಾಖೆಯ ಅಭ್ಯಂತರವಿಲ್ಲ ಎಂದರು.

“ಮನಿ ನೋಡೂದು ಇನ್ನೂ ಐತಲ್ಲ, ಹೋಗೂಣು ನಡೀರಿ,” ಎಂದು ರೋಹಿಣಿ ಹಿಂದಿನಿಂದ ಇಳಿದು ಮುಂದೆ ಬಂದಳು. ಸೊಸೈಟಿಯ ಪಿಕಪ್ಪನ್ನು ತಾನೇ ಓಡಿಸುವುದಾಗಿ ಹೇಳಿ ಕೈ ಚಾಚಿದಳು. ಸಿದ್ಧಾರೂಢ ಕೀಲಿ ಕೊಟ್ಟ.

“ಮತ್ತ ನಾ ಎಲ್ಲಿ ಕುಂದರ್ಲಿ?” ಎಂದು ಕೇಳಿದ.

ಹಿಂದೆ ಮಲ್ಲಕ್ಕ, ಶಂಕ್ರಪ್ಪ ಇಬ್ಬರೂ ಜಗಳಾಡುತ್ತಲೇ ಮತ್ತೆ ಹತ್ತಿ ಕೂತಿದ್ದರು. ರೋಹಿಣಿ ಕನ್ನಡಿಯನ್ನು ತನ್ನ ಎತ್ತರಕ್ಕೆ ತಿರುಗಿಸಿಕೊಂಡು, ಅದರಲ್ಲಿ ಅವನನ್ನು ನೋಡಿ ಹೇಳಿದಳು:

“ನೀವು ಅವರ ಬಾಜೂಕ ಹಿಂದ ಕುಂದರ್ರಿ. ಇನ್ನೂ ಸ್ವಲ್ಪ ಭಾರ ಬೇಕು.”